ಒಂದೇ ವಾಯರಿನಲ್ಲಿ ಕಂಪ್ಯೂಟರ್ ಕಲಿತದ್ದು

ನಮ್ಮ ಸೊಸೈಟಿಯಲ್ಲಿ ಟೆಲಿಫೋನಿನ ವಾಯರು ಒಂದೇ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮೂರು ತಿಂಗಳು ನಾನು ಪಟ್ಟ ಪಾಡೆಲ್ಲ ಆ ವಾಯರಿನದ್ದೇ. ಅದನ್ನು ಫೋನಿಗೆ ಚುಚ್ಚಿದರೆ ಫೋನು ನಡೆಯುತ್ತಿತ್ತು. ಫೋನಿನಿಂದ ಕಿತ್ತು ಮೋಡೆಮ್ಮಿಗೆ ಚುಚ್ಚಿದರೆ ಇಂಟರ್‌ನೆಟ್ಟು. ಎರಡೂ ಒಟ್ಟಿಗೆ ಇಲ್ಲ.

ಸೊಸೈಟಿ ಅಂದರೆ ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವಾಗ ಸಿಗುವ ನಮ್ಮೂರಿನ ಮೀನುಗಾರರ ಸಂಘ. ಎರಡು ಕೋಣೆ, ಹಿಂದೆ ಐಸು ಇಡುವ ಶೆಡ್ಡು, ಎದುರಿಗೆ ಹೊಯಿಗೆ, ಅಂದರೆ ಮರಳ ದಂಡೆ, ಅದರಾಚೆ ಕಡಲು. ನಾನು ಅಲ್ಲಿ ಗುಮಾಸ್ತೆ. ದೋಣಿಗಳ ರಿಜಿಸ್ಟರು ಬರೆಯುವುದು, ಸೀಮೆಎಣ್ಣೆ ಪರ್ಮಿಟ್ಟಿಗೆ ಅರ್ಜಿ ಕಳಿಸುವುದು, ಫೋನು ಬಂದರೆ ಎತ್ತುವುದು ನನ್ನ ಕೆಲಸ. ಇದರಲ್ಲಿ ಫೋನು ಎತ್ತುವುದೇ ದೊಡ್ಡದು. ಮೊಬೈಲು ಬಂದಿತ್ತು, ಆದರೆ ನಮ್ಮ ದಂಡೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಗಾಳಿ ಎದ್ದೀತು, ದೋಣಿ ಬಿಡಬೇಡಿ ಎಂಬ ಸಂದೇಶ ಮೀನುಗಾರಿಕೆ ಕಚೇರಿಯಿಂದ ಬರುತ್ತಿದ್ದುದು ಸೊಸೈಟಿಯ ಆ ಕಪ್ಪು ಫೋನಿಗೆ. ಬಂದ ಕೂಡಲೇ ನಾನು ಮೈಕಿನಲ್ಲಿ ಕೂಗಿ, ಬಿದಿರಿನ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು.

ಶ್ರಾವಣದ ನೂಲ ಹುಣ್ಣಿಮೆ ಕಳೆದು ದೋಣಿ ಇಳಿಯಲು ಶುರುವಾದ ಹೊತ್ತಿಗೆ ಅಧ್ಯಕ್ಷರು ಸರ್ಕಾರದ ಒಂದು ಕಾಗದ ತಂದು ನನ್ನ ಮೇಜಿನ ಮೇಲೆ ಇಟ್ಟರು. ಇನ್ನು ಮೇಲೆ ದೋಣಿ ರಿಜಿಸ್ಟರು ಕಂಪ್ಯೂಟರಿನಲ್ಲೇ ಹೋಗಬೇಕಂತೆ. ಗುಮಾಸ್ತರು ಇಂಟರ್‌ನೆಟ್ಟಿನಲ್ಲೇ ಕಲಿಸುವ ಪ್ರಾಥಮಿಕ ಕಂಪ್ಯೂಟರ್ ಕೋರ್ಸು ಮುಗಿಸಿ, ಇಂಟರ್‌ನೆಟ್ಟಿನಲ್ಲೇ ಪರೀಕ್ಷೆ ಬರೆದು, ಮೂರು ತಿಂಗಳೊಳಗೆ ಸರ್ಟಿಫಿಕೇಟು ಹಾಜರುಪಡಿಸಬೇಕಂತೆ.

"ಆಗ್ದೇ ಇದ್ರೆ?" ಅಂತ ಕೇಳಿದೆ.

"ಆಗ್ದೇ ಇದ್ರೆ ಬೇರೆಯವ್ರನ್ನ ಹಾಕ್ಕೊಳ್ಳಿ ಅಂತ ಬರ್ದಿದ್ರು, ಅಕ್ಕೋರೆ. ನಾ ಎಂತ ಮಾಡ್ಲಿ ಹೇಳಿ?"

ನನ್ನ ಗಂಡನ ಬಲಗೈ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕು ಜಜ್ಜಿಹೋಗಿ ಆರು ವರ್ಷವಾಗಿತ್ತು. ಅವರು ಮನೆಯಲ್ಲಿ ಎಡಗೈಯಲ್ಲೇ ಬಲೆ ಹೆಣೆಯುತ್ತಿದ್ದರು. ಮನೆ ನಡೆಯುತ್ತಿದ್ದುದು ನನ್ನ ಕುರ್ಚಿಯ ಮೇಲೆ. ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದವಳು ಹಾಗೇ ಮುಚ್ಚಿಟ್ಟೆ.

ಕಂಪ್ಯೂಟರು ಮೊದಲೇ ಬಂದು ಮೂಲೆಯಲ್ಲಿ ಕೂತಿತ್ತು. ಬಂದ ದಿನ ಆರತಿ ಮಾಡಿ, ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಹೊದಿಸಿದ್ದೆವು. ಆಮೇಲೆ ಯಾರೂ ಮುಟ್ಟಿರಲಿಲ್ಲ. ನನಗಂತೂ ಅದರ ಎದುರು ಕಸ ಹೊಡೆಯಲಿಕ್ಕೂ ಹೆದರಿಕೆ.

ಮೊದಲು ಹೊನ್ನಾವರದ ಒಂದು ಸೈಬರಿಗೆ ಹೋದೆ, ಸುಳ್ಳು ಹೇಳುವುದಿಲ್ಲ. ಅಲ್ಲಿ ಕಲಿತರೆ ಸೊಸೈಟಿಯ ಯಂತ್ರ ಹಾಳಾಗುವ ಭಯವಿಲ್ಲ ಅಂತ. ಅಡ್ಡಹಲಗೆಯ ಗೂಡಿನಲ್ಲಿ ಕೂರಿಸಿದರು. ಪಕ್ಕದ ಗೂಡಿನಲ್ಲಿ ಕಾಲೇಜಿನ ಹುಡುಗಿಯರು ಟಕಟಕ ಅಂತ ಕುಟ್ಟುತ್ತಿದ್ದರು. ನಾನು ಮೌಸು ಎಳೆದೆಳೆದು ಮೇಜಿನ ಅಂಚಿಗೆ ಬಂದೆ. ಬಾಣ ಇನ್ನೂ ಅರ್ಧ ದಾರಿಯಲ್ಲಿದೆ. ಮೌಸನ್ನು ಎತ್ತಿ ಹಿಂದೆ ಇಟ್ಟುಕೊಳ್ಳಬಹುದು ಅಂತ ಯಾರು ಹೇಳಿದ್ದರು ನನಗೆ? ಕೈಯನ್ನು ಪಕ್ಕದ ಗೂಡಿಗೇ ಚಾಚಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಗಾಬರಿಯಲ್ಲಿ ಎಂತದೋ ಒತ್ತಿದೆ, ಪರದೆ ಕಪ್ಪಾಯಿತು. "ಎಂತ ಮಾಡಿದ್ರಿ ಮೇಡಂ?" ಅಂತ ಅಂಗಡಿಯವ ಎದ್ದು ಬಂದ. ನಾನು ಚಪ್ಪಲಿ ಹಾಕಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದೆ. ಕಲಿತರೆ ಸೊಸೈಟಿಯಲ್ಲೇ, ಬಾಗಿಲು ಓರೆ ಮಾಡಿಕೊಂಡು, ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಮುಂದಿನದಕ್ಕೆಲ್ಲ ಆ ತೀರ್ಮಾನವೇ ಕಾರಣ.

ಕೋರ್ಸಿನಲ್ಲಿ ಹನ್ನೆರಡು ಪಾಠ. ಎಲ್ಲ ಇಂಗ್ಲಿಷಿನಲ್ಲಿ. ನನ್ನದು ಪಿಯುಸಿ ಇಂಗ್ಲಿಷು, ಅದೂ ತುಕ್ಕು ಹಿಡಿದದ್ದು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂರುತ್ತಿದ್ದೆ. ಫೋನಿನ ವಾಯರು ಕಿತ್ತು ಮೋಡೆಮ್ಮಿಗೆ ಚುಚ್ಚಬೇಕು. ನಂಬರು ಹಚ್ಚಿದ ಮೇಲೆ ಅದು ಕಿರ್ರೋ ಎಂದು ಕಿರುಚಿ, ಗೊರಗೊರ ಅಂದು, ಒಂದು ಸಲ ಸುಮ್ಮನಾಗುತ್ತಿತ್ತು. ಆ ಕಿರುಚಾಟ ಕೇಳಿದಾಗೆಲ್ಲ ಒಳಗೆ ಎಂತದೋ ಸುಟ್ಟುಹೋಯಿತು ಅಂತಲೇ ನನಗೆ ಅನಿಸುವುದು. ಒಂದೊಂದು ಪುಟ ಮೇಲಿನಿಂದ ಕೆಳಗೆ ಇಳಿದು ಬರುವಷ್ಟರಲ್ಲಿ ಒಂದು ಬುಟ್ಟಿ ಮೀನು ಆರಿಸಿ ಮುಗಿಸಬಹುದಿತ್ತು.

ಫೈಲು ಅಂದರೆ ಎಂತ, ಫೋಲ್ಡರು ಅಂದರೆ ಎಂತ ಅಂತ ತಿಳಿಯಲಿಕ್ಕೆ ಎಂಟು ದಿನ ಬೇಕಾಯಿತು. ಒಂದು ಅರ್ಜಿ ಬರೆದು ಸೇವ್ ಮಾಡಿದೆ, ಮರುದಿನ ಹುಡುಕಿದರೆ ಇಲ್ಲ. ನಮ್ಮ ಕಬಾಟಿನಲ್ಲಿ ಇಟ್ಟ ಕಾಗದ ಇಟ್ಟಲ್ಲೇ ಇರುತ್ತದೆ. ಇದರಲ್ಲಿ ಇಟ್ಟದ್ದು ಎಲ್ಲಿಟ್ಟೆ ಅಂತ ನೆನಪಿಟ್ಟುಕೊಳ್ಳದಿದ್ದರೆ ಸತ್ತೆವು. ಆಮೇಲೆ ದೋಣಿ ರಿಜಿಸ್ಟರಿನ ಹಾಗೆ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ: ಈ ಹೆಸರಿನ ಫೈಲು, ಈ ಫೋಲ್ಡರಿನಲ್ಲಿ, ಇಂಥ ದಿನ. ನಗುವವರು ನಗಲಿ. ಆಮೇಲೆ ಒಂದೂ ಕಳೆಯಲಿಲ್ಲ.

ಹಾಗೆ ನಾಲ್ಕನೇ ಪಾಠದ ದಿನ ಅದಾಯಿತು.

ಪಾಠ ಓದುವಷ್ಟು ಹೊತ್ತೂ ಲೈನು ಜೋಡಿಸಿಯೇ ಇರಬೇಕು ಅಂತ ನಾನು ತಿಳಿದಿದ್ದೆ. ಪುಟ ಒಮ್ಮೆ ಬಂದಮೇಲೆ ಲೈನು ಕಡಿದು, ಆರಾಮಾಗಿ ಓದಬಹುದು ಅಂತ ನನಗೆ ಗೊತ್ತಿರಲಿಲ್ಲ. ಎರಡು ತಾಸು ಡಿಕ್ಷನರಿ ಮಗುಚುತ್ತಾ ಕೂತೆ. ಕಿಟಕಿ ಮುಚ್ಚಿತ್ತು. ಮೋಡ ಬಂದದ್ದು ಗೊತ್ತಾದದ್ದು ಕೋಣೆ ಕತ್ತಲಾದಾಗ. ಹೊರಗೆ ಬಂದರೆ ಗಾಳಿ ಹೊಯಿಗೆಯನ್ನು ಎತ್ತಿ ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು. ದಂಡೆಯ ಮೇಲಿದ್ದ ದೋಣಿಗಳಲ್ಲಿ ಒಂದು ಇರಲಿಲ್ಲ.

ಅದು ನಮ್ಮ ಊರಿನ ಹಿರಿಯ ತಂಡೇಲನ ದೋಣಿ. ತಂಡೇಲ ಅಂದರೆ ದೋಣಿ ನಡೆಸುವವ, ಅವನ ಮಾತೇ ದೋಣಿಯಲ್ಲಿ ಕಡೆಯ ಮಾತು. ಜೊತೆಗೆ ಅವನ ಇಬ್ಬರು ಗಂಡುಮಕ್ಕಳಿದ್ದರು. ನಾನು ಓಡಿ ಒಳಗೆ ಬಂದು ವಾಯರು ಫೋನಿಗೆ ಚುಚ್ಚಿದೆ, ಎರಡು ನಿಮಿಷಕ್ಕೆ ಬೇರೆ ಊರಿನ ಸೊಸೈಟಿಯವರ ಫೋನು ಬಂತು. "ನಿಮ್ಗೆ ಹೇಳಿದ್ರಲ್ಲ, ಗಾಳಿ ಅಂತ? ನಮ್ಗೆ ಆಗ್ಲೇ ಬಂತು."

ಆ ದೋಣಿ ಸಂಜೆ ಬರಲಿಲ್ಲ. ತಂಡೇಲನ ಹೆಂಡತಿ ಕುಮಟೆಯ ಪೇಟೆಯಲ್ಲಿ ಮೀನು ಮಾರುವವಳು. ಕೊನೆಯ ಟೆಂಪೋದಲ್ಲಿ ಬಂದು ಖಾಲಿ ಬುಟ್ಟಿ ಹೊಯಿಗೆಯ ಮೇಲೆ ಇಟ್ಟು ಅದರ ಪಕ್ಕದಲ್ಲೇ ನಿಂತಳು. ಅವಳ ಹತ್ತಿರ ಹೋಗಲು ನನಗೆ ಧೈರ್ಯವಾಗದೆ ಐಸಿನ ಶೆಡ್ಡಿನ ಗೋಡೆಗೆ ಒರಗಿ ನಿಂತೆ. ದೇವರೇ, ಈ ಮೂವರನ್ನು ದಂಡೆಗೆ ಹಾಕು, ಕಂಪ್ಯೂಟರೂ ಬೇಡ ಕುರ್ಚಿಯೂ ಬೇಡ, ಅಂತ ಹರಕೆ ಹೊತ್ತೆ. ಎಂಟು ಗಂಟೆಗೆ ಫೋನು ಬಂತು. ಭಟ್ಕಳದ ಹತ್ತಿರ ತೆಂಗಿನಗುಂಡಿಯಲ್ಲಿ ದೋಣಿಯನ್ನು ದಂಡೆ ಹತ್ತಿಸಿದ್ದರು. ಬಲೆ ಹೋಗಿತ್ತು, ಎಂಜಿನ್ನಿಗೆ ನೀರು ಹೊಕ್ಕಿತ್ತು, ಕಿರಿಯವನ ಹಣೆ ಒಡೆದಿತ್ತು. ಜೀವಕ್ಕೆ ಎಂತದೂ ಆಗಿರಲಿಲ್ಲ.

ಮರುದಿನ ಅಧ್ಯಕ್ಷರು ಕೇಳಿದರು, "ಅಲ್ಲ ಅಕ್ಕೋರೆ, ನಮ್ಗೆ ಸುದ್ದಿ ಯಾಕೆ ಬರ್ಲಿಲ್ಲ?"

"ಲೈನ್ ಕೆಟ್ಟಿತ್ತು" ಅಂದೆ.

ಬಾಯಿಂದ ತಾನಾಗಿ ಬಂತು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಮ್ಮ ಕಡೆ ಮಳೆ ಗಾಳಿಗೆ ಲೈನು ಕೆಡುವುದು ದಿನಾ ಇದ್ದದ್ದೇ. "ಹಾಳಾದ ಲೈನು" ಅಂತ ಎಲ್ಲರೂ ಟೆಲಿಫೋನಿನವರನ್ನು ಬೈದರು. ನಾನೂ ಜೊತೆಗೂಡಿ ಬೈದೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ದಿನದಿಂದ ಯಾರು ಫೋನು ಎಂಬ ಶಬ್ದ ಎತ್ತಿದರೂ ನಾನು ರಿಜಿಸ್ಟರಿಗೆ ತಲೆ ಬಗ್ಗಿಸಿಬಿಡುತ್ತಿದ್ದೆ.

ಹರಕೆ ಹೊತ್ತವಳು ಕೋರ್ಸು ಬಿಟ್ಟೆನೇ? ಇಲ್ಲ. ದೋಣಿ ಬಂತಲ್ಲ, ಮತ್ತೆ ಕುರ್ಚಿ ನೆನಪಾಯಿತು. ಆದರೆ ಕ್ರಮ ಬದಲಿಸಿದೆ. ಒಂದು ಅಲಾರಂ ಗಡಿಯಾರ ತಂದೆ. ವಾಯರು ಕೀಳುವ ಮುಂಚೆ ಸಂದೇಶ ಕೊಡುವ ಕಚೇರಿಗೆ ಫೋನು ಮಾಡಿ "ಇವತ್ತು ಎಂತಾದ್ರೂ ಇದ್ಯಾ?" ಅಂತ ಕೇಳುವುದು. ಹತ್ತು ನಿಮಿಷಕ್ಕೆ ಅಲಾರಂ ಇಡುವುದು. ಪಾಠದ ಪುಟಗಳನ್ನು ಒಂದರ ಹಿಂದೆ ಒಂದು ತೆರೆದು, ಸೇವ್ ಮಾಡಿ, ಅಲಾರಂ ಬಡಿದ ಕೂಡಲೇ ಲೈನು ಕಡಿದು ವಾಯರು ಫೋನಿಗೆ ಚುಚ್ಚುವುದು. ಆಮೇಲೆ ಓದುವುದು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಮೊದಲು ಕಾಗದದ ಮೇಲೆ ಬರೆದು, ಮತ್ತೆ ಲೈನು ಹಚ್ಚಿ ಐದು ನಿಮಿಷದಲ್ಲಿ ಒತ್ತಿ ಮುಗಿಸುವುದು. ಇಷ್ಟೆಲ್ಲ ಮಾಡಿದರೂ ಆ ಹತ್ತು ನಿಮಿಷ ನಾನು ಕುರ್ಚಿಯ ತುದಿಯಲ್ಲಿ ಕೂತು, ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಕಿಟಕಿಯ ಮೇಲೆ ಇಟ್ಟಿರುತ್ತಿದ್ದೆ.

ಹೀಗೆ ಹನ್ನೆರಡು ಪಾಠ ಮುಗಿಸಿದೆ. ಆದರೆ ಪರೀಕ್ಷೆಗೆ ಈ ಉಪಾಯ ನಡೆಯುವ ಹಾಗಿರಲಿಲ್ಲ. ಐವತ್ತು ಪ್ರಶ್ನೆ, ಒಂದು ತಾಸು. ಒಂದಕ್ಕೆ ಉತ್ತರ ಕೊಟ್ಟರೆ ಮಾತ್ರ ಮುಂದಿನದು ಬರುತ್ತದೆ. ನಡುವೆ ಲೈನು ಕಡಿದರೆ ಅಲ್ಲಿಗೇ ಪರೀಕ್ಷೆ ಮುಗಿದ ಲೆಕ್ಕ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ್ದೇ ನಾನು ದಿನ ಮುಂದೂಡುತ್ತಾ ಹೋದೆ. ಇವತ್ತು ಮೋಡ, ನಾಳೆ ಸಂಕಷ್ಟಿ, ನಾಡಿದ್ದು ಕರೆಂಟು ನಂಬುವ ಹಾಗಿಲ್ಲ. ಕಡೆಗೆ ಗಡುವಿನ ಕೊನೆಯ ದಿನವೇ ಉಳಿಯಿತು. ಹೊನ್ನಾವರದ ಸೈಬರಿಗೆ ಹೋಗಬಹುದಿತ್ತು, ನಿಜ. ಆ ನಗು ಇನ್ನೂ ಕಿವಿಯಲ್ಲಿತ್ತು, ಹೋಗಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಕೂರುವುದು ಅಂತ ಇಟ್ಟುಕೊಂಡೆ. ಬೆಳಗಿನ ದೋಣಿಗಳೆಲ್ಲ ಆ ಹೊತ್ತಿಗೆ ದಂಡೆಗೆ ಬಂದಿರುತ್ತವೆ, ಗಂಡಸರು ಉಂಡು ಮಲಗಿರುತ್ತಾರೆ, ಒಂದು ತಾಸು ಫೋನು ಇಲ್ಲದಿದ್ದರೂ ಯಾರಿಗೂ ಎಂತದೂ ಆಗುವುದಿಲ್ಲ. ಕಚೇರಿಗೆ ಫೋನು ಮಾಡಿದೆ. "ಈಗ ಎಂತದೂ ಇಲ್ಲ" ಅಂದರು. ದೇವರ ಹೆಸರು ಹೇಳಿ ವಾಯರು ಕಿತ್ತೆ.

ಮೊದಲ ಹತ್ತು ಪ್ರಶ್ನೆ ನೀರು ಕುಡಿದ ಹಾಗೆ ಹೋದವು. ಎಲ್ಲ ನನ್ನ ನೋಟುಬುಕ್ಕಿನಲ್ಲಿದ್ದದ್ದೇ. ಹದಿನಾರನೆಯದಕ್ಕೆ ಬಂದಾಗ ಹೊರಗೆ ಗದ್ದಲ ಕೇಳಿತು. ಬಂಗಡೆ ಮೀನಿನ ಹಿಂಡು ಬಂದಿದೆಯಂತೆ. ಬೆಳಿಗ್ಗೆ ಹೋದವರಿಗೆ ರಾಶಿ ಸಿಕ್ಕಿತ್ತು, ಇನ್ನೊಂದು ಸಲ ಬಲೆ ಹಾಕಿ ಬರುವ ಅಂತ ಗಂಡಸರು ಊಟ ಅರ್ಧಕ್ಕೆ ಬಿಟ್ಟು ಇಳಿದಿದ್ದರು. ಎಂಜಿನ್ನಿನ ಹಗ್ಗ ಎಳೆಯುವ ಸದ್ದು, "ಹೋ" ಅಂತ ದೋಣಿ ನೂಕುವ ಸದ್ದು.

ನಾನು ಕಿಟಕಿ ನೋಡಿದೆ. ಬಿಸಿಲೇ ಇತ್ತು. ಆದರೆ ಪಡುವಣ ಅಂಚಿನಲ್ಲಿ ಒಂದು ಕರಿ ಗೆರೆ ಎದ್ದಿತ್ತು. ಹಾಗೆ ಎಷ್ಟೋ ಸಲ ಏಳುತ್ತದೆ, ಕರಗಿಯೂ ಹೋಗುತ್ತದೆ. ಹದಿನೇಳು. ಹದಿನೆಂಟು. ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಸಮಯ ಇಳಿಯುತ್ತಿತ್ತು. ಇನ್ನು ಮೂವತ್ತೈದು ನಿಮಿಷ. ಮೂವತ್ತೈದು ನಿಮಿಷ ಹಲ್ಲು ಕಚ್ಚಿ ಕೂತರೆ ಕುರ್ಚಿ ಉಳಿಯಿತು. ಸಂದೇಶ ಬರುವುದೇ ಇಲ್ಲವೇನೋ. ಬಂದರೂ ಇನ್ನು ಅರ್ಧ ಗಂಟೆಗೆ ಬಂದೀತು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತಮೂರನೇ ಪ್ರಶ್ನೆ ಬಂತು. ಅದು ಎಂತ ಕೇಳಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕಣ್ಣೆದುರು ಕಂಡದ್ದು ಆವತ್ತು ಖಾಲಿ ಬುಟ್ಟಿಯ ಪಕ್ಕ ನಿಂತ ಹೆಂಗಸು.

ವಾಯರು ಕಿತ್ತೆ.

ಅವಸರದಲ್ಲಿ ಫೋನಿನ ತೂತು ಸಿಗಲಿಲ್ಲ. ಎರಡು ಕೈಯಲ್ಲಿ ಹಿಡಿದು ಚುಚ್ಚಿದೆ. ಫೋನು ಸುಮ್ಮನಿತ್ತು. ಅಯ್ಯೋ, ಸುಮ್ಮನೆ ಕಿತ್ತೆನಲ್ಲ, ಎಂತದೂ ಇರಲಿಲ್ಲವಲ್ಲ, ಅಂತ ನನ್ನನ್ನೇ ಬೈದುಕೊಂಡೆ. ಆದರೂ ಕಚೇರಿಯ ನಂಬರು ತಿರುಗಿಸಿದೆ.

"ನಿಮ್ಮ ಸೊಸೈಟಿಗೆ ಆಗ್ಲೇ ಹೇಳಿ ಆಯ್ತಲ್ರೀ" ಅಂದ ಅಲ್ಲಿಯ ಗುಮಾಸ್ತ. "ಗಾಳಿ ಏಳ್ತದೆ, ದೋಣಿ ಬಿಡೂದು ಬೇಡ. ಪಟ್ಟಿಯಲ್ಲಿ ಟಿಕ್ ಹಾಕಿದ್ದೇನೆ ನೋಡಿ."

"ಯಾರಿಗೆ ಹೇಳಿದ್ರಿ? ಇಲ್ಲಿ ಫೋನ್ ಎತ್ತುದು ನಾನೊಬ್ಳೇ!"

ಆ ಕಡೆ ಪಟ್ಟಿ ಮಗುಚುವ ಸದ್ದು ಕೇಳಿತು. "ಎಂಗೇಜ್ ಬಂತು ಮಾರಾಯ್ರೆ. ಎಂಗೇಜ್ ಅಂದ್ರೆ ಯಾರೋ ಇದ್ದಾರೆ ಅಂತಲ್ವಾ? ಮತ್ತೆ ಮಾಡುವ ಅಂತ ಟಿಕ್ ಹಾಕಿ ಇಟ್ಟೆ. ಇಪ್ಪತ್ತು ಕಡೆ ಮಾಡ್ಬೇಕು ನಾನು."

ಹಾಗಾದರೆ ಹಿಂದಿನ ಸಲವೂ ಆ ಪಟ್ಟಿಯಲ್ಲಿ ನಮ್ಮ ಹೆಸರಿನ ಎದುರು ಟಿಕ್ ಇದ್ದಿರಬೇಕು. ಮೂವರೂ ಮುಳುಗಿದ್ದರೂ ಕಾಗದದಲ್ಲಿ ಸಂದೇಶ ಮುಟ್ಟಿತ್ತು! ಯೋಚಿಸುತ್ತಾ ಕೂರಲಿಕ್ಕೆ ಪುರುಸೊತ್ತಿರಲಿಲ್ಲ. ಮೈಕಿನ ಗುಂಡಿ ಒತ್ತಿದೆ, ಅಷ್ಟರಲ್ಲಿ ಕರೆಂಟು ಹೋಗಿತ್ತು. ಕೆಂಪು ಬಾವುಟವನ್ನು ಕೈಯಲ್ಲೇ ಹಿಡಿದು ಹೊಯಿಗೆಗೆ ಓಡಿದೆ. ಸೀರೆ ಕಾಲಿಗೆ ತೊಡರಿ ಒಮ್ಮೆ ಬಿದ್ದೆ, ಎದ್ದು ಮತ್ತೆ ಓಡಿದೆ. "ಹೋಗ್ಬೇಡಿ! ಹೋಗ್ಬೇಡ್ರೋ!"

ಆ ಹಿರಿಯ ತಂಡೇಲ ಸೊಂಟದ ನೀರಿನಲ್ಲಿ ದೋಣಿ ಹಿಡಿದು ನಿಂತಿದ್ದ. ಮಕ್ಕಳು ಆಗಲೇ ಹತ್ತಿದ್ದರು.

"ಎಂತ ಆತು ಅಕ್ಕೋರೆ?"

"ಗಾಳಿ. ಈಗ ಹೇಳಿದ್ರು."

ಅವನು ಪಡುವಣಕ್ಕೆ ಒಮ್ಮೆ ನೋಡಿದ. "ಇಳೀರಿ" ಅಂದ ಮಕ್ಕಳಿಗೆ. ಎರಡು ದೋಣಿ ಆಗಲೇ ತೆರೆ ದಾಟಿ ಹೋಗಿದ್ದವು. ಅವನು ನನ್ನ ಕೈಯಿಂದ ಬಾವುಟ ಕಸಿದು, ಹುಟ್ಟಿನ ತುದಿಗೆ ಕಟ್ಟಿ, ದೋಣಿಯ ಮೂತಿಯ ಮೇಲೆ ನಿಂತು ಬೀಸತೊಡಗಿದ. ಒಂದು ದೋಣಿ ನೋಡಿ ತಿರುಗಿತು. ಇನ್ನೊಂದು ಮುಂದೆಯೇ ಹೋಯಿತು. ಅದರಲ್ಲಿದ್ದವರ ಮನೆಯ ಹೆಂಗಸರೆಲ್ಲ ದಂಡೆಗೆ ಬಂದು ನಿಂತರು, ನಾನು ಅವರ ನಡುವೆ ನಿಂತೆ. ಗಾಳಿ ಹೊಡೆದ ಮೇಲೆ, ಮಳೆಯಲ್ಲಿ ಎದುರಿನ ತೆರೆಯೂ ಕಾಣದ ಹೊತ್ತಿನಲ್ಲಿ, ಎಂಜಿನ್ನಿನ ಸದ್ದು ಮೊದಲು ಕೇಳಿತು. ದೋಣಿ ಆಮೇಲೆ ಕಂಡಿತು. ದಂಡೆಯಲ್ಲಿದ್ದ ಹನ್ನೊಂದು ಜನ ನೀರಿಗಿಳಿದು ದೋಣಿಯನ್ನು ಎಳೆದುಕೊಂಡರು. ಎಲ್ಲರೂ ಬಂದರು.

ಕರೆಂಟು ಬಂದಮೇಲೆ, ದೋಣಿಗಳೆಲ್ಲ ದಂಡೆಯಲ್ಲಿದ್ದುದರಿಂದ, ಮತ್ತೆ ಲೈನು ಹಚ್ಚಿ ಕಂಪ್ಯೂಟರಿನಲ್ಲಿ ನೋಡಿದೆ. ಉತ್ತರಿಸಿದ್ದು ಇಪ್ಪತ್ತೆರಡು, ಅವಕಾಶ ಮುಗಿದಿದೆ, ನಪಾಸು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಬೀಗ ಹಾಕಿ ಮನೆಗೆ ಹೋದೆ. ಗಂಡನಿಗೆ ಹೇಳಿದಾಗ ಅವರು ಬಲೆಯಿಂದ ಕಣ್ಣೆತ್ತದೆ "ಕಡ್ಲಿಗೆ ಹೋದವ್ರು ಬಂದ್ರಲ್ಲ, ಸಾಕು ಬಿಡು" ಅಂದರು. ನನಗೆ ಸಾಕಾಗಲಿಲ್ಲ. ಹೆದರಿಕೆ ಹಾಗೇ ಇತ್ತು.

ಸೋಮವಾರ ಸಮಿತಿಯ ಸಭೆ ಸೇರಿತು. ಆವತ್ತು ಸದಸ್ಯರಲ್ಲದವರೂ ಬಾಗಿಲಲ್ಲಿ ನಿಂತಿದ್ದರು. ಅಧ್ಯಕ್ಷರು ನನ್ನನ್ನು ಹೊಗಳಲು ಶುರು ಮಾಡಿದರು. "ಅಕ್ಕೋರು ಪರೀಕ್ಷೆ ಬಿಟ್ಟು ಓಡಿ ಬಂದ್ರು. ಸರ್ಕಾರಕ್ಕೆ ನಾವೇ ಬರೆಯುವ, ಇಂಥವ್ರನ್ನ ತೆಗೀಬೇಡಿ ಅಂತ." ಎಲ್ಲರೂ ಹೌದೌದು ಅಂದರು. ತಂಡೇಲ ಮೂಲೆಯಲ್ಲಿ ಕೂತು ತಲೆದೂಗುತ್ತಿದ್ದ. ಅವರು ಬೈದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ, ಖಂಡಿತ. ಹೊಗಳಿದರಲ್ಲ, ಅದನ್ನು ಕೇಳಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ಎದ್ದು ನಿಂತೆ. "ಹಿಂದಿನ ಸಲ ಲೈನ್ ಕೆಟ್ಟಿರ್ಲಿಲ್ಲ" ಅಂದೆ. "ಲೈನು ನಾನು ಕಂಪ್ಯೂಟರಿಗೆ ಹಾಕ್ಕಂಡಿದ್ದೆ. ಎರಡು ತಾಸು. ಸುಳ್ಳು ಹೇಳ್ದೆ. ಹೆದರ್ಕೆಯಾಗಿತ್ತು."

ತಂಡೇಲ ನನ್ನನ್ನು ನೋಡಲಿಲ್ಲ. ಎದ್ದು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅವನು ಆಮೇಲೆ ಮಳೆಗಾಲ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಎರಡನೇ ಅವಕಾಶಕ್ಕೆ ನಾವು ಅರ್ಜಿ ಹಾಕುವ, ಸಿಕ್ಕಿದರೆ ಹೊನ್ನಾವರದಲ್ಲಿ ಬರೆಯಬೇಕು, ಸೊಸೈಟಿಯ ಫೋನು ಇನ್ನು ಯಾರೂ ಕೀಳಕೂಡದು, ಅಂತ ಠರಾವು ಬರೆಸಿದರು. ಬರೆದುಕೊಂಡವಳು ನಾನೇ. ಅವಕಾಶ ಸಿಕ್ಕಿತು. ಅದೇ ಸೈಬರಿನಲ್ಲಿ, ಅದೇ ನಗುವ ಹುಡುಗಿಯರ ಪಕ್ಕ ಕೂತು, ಎರಡು ತಿಂಗಳ ಮೇಲೆ ಪಾಸಾದೆ.

ಆದರೆ ಆವತ್ತು ಸಭೆ ಮುಗಿದು ಹೊರಗೆ ಬಂದಾಗ ತಂಡೇಲನ ಹೆಂಡತಿ ಬಾವಿಕಟ್ಟೆಯ ಹತ್ತಿರ ಕಾಯುತ್ತಿದ್ದಳು. ಇವಳು ಕೆನ್ನೆಗೆ ಬಿಡುತ್ತಾಳೆ ಅಂತಲೇ ನಾನು ತಿಳಿದೆ. ಬಿಟ್ಟಿದ್ದರೆ ಒಳ್ಳೆಯದಾಗುತ್ತಿತ್ತು.

"ನಂಗೆ ಅವತ್ತೇ ಗೊತ್ತಿತ್ತು, ತಂಗೀ" ಅಂದಳು. "ಮೋಡ ಕಂಡು ಕುಮಟೆಯ ಬೂತಿಂದ ನಾಕು ಸಲ ಫೋನ್ ಹಚ್ಚಿದ್ದೆ, ಇವ್ರು ದಂಡೆಯಲ್ಲಿದ್ರಾ ಕೇಳ್ವ ಅಂತ. ಅಲ್ಲಿ ಯಾರೋ ಮಾತಾಡ್ತಿದ್ರು ಅಕ್ಕಾ ಅಂದ ಬೂತಿನವ. ಎರಡು ತಾಸು ಯಾರು ಮಾತಾಡ್ತ್ರು?"

"ಮತ್ತೆ ನೀನು ಯಾರಿಗೂ..." ಅಂದೆ.

"ಹೇಳಿದ್ರೆ ನಿನ್ನ ಅನ್ನ ಹೋಗ್ತಿತ್ತು. ನಿನ್ನ ಗಂಡಂಗೆ ಕೈ ಇಲ್ಲ. ಹೇಳ್ದೇ ಇದ್ರೆ ನಮ್ಮವ್ರು ಇನ್ನೊಂದ್ ಸಲ ಗಾಳಿಗೆ ಸಿಕ್ಕಿ ಹೋಗ್ವರು. ಎಂತ ಮಾಡೂದು ನಾನು? ನೀ ಬಾಗ್ಲು ಓರೆ ಮಾಡ್ಕಂಡ್ರೆ ಸಾಕು, ಇಲ್ಲಿ ಬಂದು ಕೂತ್ಕಂತಿದ್ದೆ. ನೀ ಬಾಗ್ಲು ತೆಗಿಯೂ ತನಕ ಕಡ್ಲು ನೋಡ್ತಾ, ಮೋಡ ಎದ್ರೆ ಕೂಗ್ವ ಅಂತ. ಕುಮಟೆಗೆ ಹೋಗೂ ಟೆಂಪೋ ಎಷ್ಟು ಸಲ ತಪ್ಪಿತ್ತು ಅಂತ ಲೆಕ್ಕ ಇಲ್ಲ."

ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ಪರೀಕ್ಷೆ ದಿನ ಒಂದು ದಿನ ಮಾತ್ರ ಇರ್ಲಿಲ್ಲ" ಅಂದಳು. "ಬಂಗಡೆ ರಾಶಿ ಬಂದಿತ್ತಲ್ಲ, ಮಾರೂಕೆ ಹೋಗಿದ್ದೆ."